ರಿಟ್ರೀವರ್ ನಾಯಿ ಸಾಕಣೆ: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆ

ರಿಟ್ರೀವರ್: ಬೇಟೆಗಾರ ಹೊಡೆದು ಕೆಡವಿದ ಹಕ್ಕಿಯನ್ನು ನೀರಿನಿಂದಲೋ ಪೊದೆಯಿಂದಲೋ ಹೆಕ್ಕಿ, ಹಲ್ಲಿನ ಗುರುತು ಬೀಳದಂತೆ ಒಡೆಯನ ಕೈಗೆ ತಂದೊಪ್ಪಿಸುವ ಕೆಲಸಕ್ಕೆಂದು ರೂಢಿಸಿದ ನಾಯಿ ತಳಿಗಳ ಗುಂಪು. ಇವುಗಳಲ್ಲಿ ಲ್ಯಾಬ್ರಡಾರ್ ಮತ್ತು ಗೋಲ್ಡನ್ ಕರ್ನಾಟಕದ ಮನೆಗಳಿಗೆ ಚಿರಪರಿಚಿತ. ಲ್ಯಾಬ್ರಡಾರಿನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರು ಸಾಕುತ್ತಿದ್ದ, ಕೊರೆಯುವ ನೀರಿಗಿಳಿದು ಬಲೆ ಎಳೆಯಲು ನೆರವಾಗುತ್ತಿದ್ದ ನಾಯಿ; ಬ್ರಿಟನ್ನಿಗೆ ಹೋಗಿ ಅಲ್ಲಿ ತಳಿಯಾಗಿ ನೆಲೆನಿಂತ ಮೇಲೆ 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ಬಿನ ಮಾನ್ಯತೆ ಪಡೆಯಿತು. ಗೋಲ್ಡನ್ ತಳಿಯ ಬೇರು 1868ರಲ್ಲಿ ಸ್ಕಾಟ್ಲೆಂಡಿನ ತಮ್ಮ ಎಸ್ಟೇಟಿನಲ್ಲಿ ಲಾರ್ಡ್ ಟ್ವೀಡ್‌ಮೌತ್ ಮಾಡಿಸಿದ ಸಂಕರಣದಲ್ಲಿದೆ. ಹೀಗಾಗಿ ಈ ನಾಯಿಗಳು ಚಳಿ ತಡೆಯುವ ಎರಡು ಪದರದ ತುಪ್ಪಳು, ದಿನವಿಡೀ ದುಡಿಯುವ ಮೈ, ಸಿಕ್ಕಿದ್ದನ್ನೆಲ್ಲ ತಿನ್ನುವ ಹಸಿವು ಎಂಬ ಮೂರು ಗುಣಗಳನ್ನು ಹುಟ್ಟಿನಿಂದಲೇ ಹೊತ್ತು ಬರುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿನಲ್ಲಿ ಬಿಸಿಲಿದೆ, ಬಿಡುವಿದೆ, ಕೈಬಿಚ್ಚಿ ಬಡಿಸುವ ಊಟವಿದೆ. ಮೂರು ಗುಣಗಳಿಗೂ ಇವು ಮೂರೂ ಎದುರಾಳಿಗಳು. ಈ ಸೀಮೆಯ ರಿಟ್ರೀವರ್‌ಗಳನ್ನು ಕಾಡುವ ತೊಂದರೆಗಳಲ್ಲಿ ಹೆಚ್ಚಿನವು ಸಾಕುವ ರೀತಿಯಿಂದಲೇ ಬರುತ್ತವೆ. ಆದ್ದರಿಂದ ದುಬಾರಿ ಸಾಮಗ್ರಿಯಿಲ್ಲದೆ, ದಿನಚರಿಯನ್ನು ತಿದ್ದಿಕೊಂಡೇ ಅವುಗಳಲ್ಲಿ ಬಹುಪಾಲನ್ನು ತಡೆಯಬಹುದು ಎಂಬುದು ಈ ಲೇಖನದ ನಿಲುವು.

ಮೊದಲ ಮಾತು ಹಸಿವಿನದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿಮಾಡಿ, ಜೋಡಿಯ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು ಬದುಕಿನುದ್ದಕ್ಕೂ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯಸ್ಸು 11.2 ವರ್ಷ, ಕಡಿಮೆ ತಿಂದ ಗುಂಪಿನದು 13 ವರ್ಷ. ಕೀಲುಬೇನೆಯೂ ಎರಡನೆಯ ಗುಂಪಿಗೆ ತಡವಾಗಿ ಬಂತು. ಔಷಧಿಯಿಲ್ಲದೆ, ಶಸ್ತ್ರಚಿಕಿತ್ಸೆಯಿಲ್ಲದೆ, ಬಟ್ಟಲಿನ ಅಳತೆಯಿಂದ ಮಾತ್ರ ಬಂದ ಆಯಸ್ಸು ಇದು. ಅಳತೆ ಮಾಡಿದರೆ ನಾಯಿಯನ್ನು ಉಪವಾಸ ಕೆಡವಿದಂತಲ್ಲವೇ, ಅದು ತಟ್ಟೆ ನೆಕ್ಕಿ ಮುಖ ನೋಡುತ್ತದಲ್ಲ ಎಂಬ ಆಕ್ಷೇಪ ಪ್ರತಿ ಮನೆಯಲ್ಲೂ ಏಳುತ್ತದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಅವರು ಪರೀಕ್ಷಿಸಿದ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ, ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ವ್ಯವಸ್ಥೆಗೆ ಸೇರಿದ ಪಿಒಎಂಸಿ ಎಂಬ ಜೀನಿನ ಒಂದು ತುಣುಕೇ ಇರಲಿಲ್ಲ. ಅಂಥ ನಾಯಿ ಉಂಡೆದ್ದ ಮೇಲೂ ಬೇಡುತ್ತದೆ. ಅದರ ಕಣ್ಣು ಹೇಳುವ ಹಸಿವಿಗೂ ಹೊಟ್ಟೆಯ ಅಗತ್ಯಕ್ಕೂ ತಾಳೆಯಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ರಿಟ್ರೀವರಿಗೆ ಊಟ ಗೊತ್ತಿಲ್ಲ, ಅದರ ಪರವಾಗಿ ಸಾಕಿದವರು ಬಲ್ಲವರಾಗಬೇಕು. ಪಕ್ಕೆಯ ಮೇಲೆ ಅಂಗೈ ಆಡಿಸಿದಾಗ ಮೂಳೆ ಕಣ್ಣಿಗೆ ಕಾಣದೆ ಬೆರಳಿಗೆ ಸಿಕ್ಕಬೇಕು, ಮೇಲಿನಿಂದ ನೋಡಿದರೆ ಸೊಂಟ ತುಸು ಒಳಸರಿದಿರಬೇಕು. ತಕ್ಕಡಿ ಇಲ್ಲದ ಮನೆಗೂ ಈ ಪರೀಕ್ಷೆ ಸಾಕು.

ಏನು ಹಾಕಬೇಕೆಂಬುದು ಎರಡನೆಯ ಪ್ರಶ್ನೆ. ಚೀಲದಲ್ಲಿ ಬರುವ ಸಿದ್ಧ ಆಹಾರವೇ ಬೇಕು, ಮುದ್ದೆ ತಿಂದ ನಾಯಿ ಕೆಡುತ್ತದೆ ಎನ್ನುವವರಿದ್ದಾರೆ. ನಮ್ಮ ಮುದ್ದೆ ಸಾರೇ ಸಾಕು ಎನ್ನುವವರೂ ಇದ್ದಾರೆ. ಎರಡೂ ಅರ್ಧ ನಿಜ. ತೋಳಕ್ಕೆ ಹೋಲಿಸಿದರೆ ನಾಯಿಯಲ್ಲಿ ಪಿಷ್ಟ ಅರಗಿಸುವ ಜೀನಿನ ಪ್ರತಿಗಳು ಹೆಚ್ಚಿವೆ ಎಂದು 2013ರಲ್ಲೇ ತಿಳಿದುಬಂದಿದೆ. ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ಪ್ರಾಣಿಗೆ ಚೆನ್ನಾಗಿ ಬೆಂದ ರಾಗಿ, ಅಕ್ಕಿ ಒಗ್ಗುತ್ತವೆ. ಆದರೆ ರಾಗಿಯಲ್ಲಿ ಪ್ರೋಟೀನ್ ನೂರಕ್ಕೆ ಏಳೆಂಟು ಪಾಲು ಮಾತ್ರ. ಹಾಗಾಗಿ ಮುದ್ದೆ ಶಕ್ತಿಗಾಯಿತು. ಮೈ ಕಟ್ಟಲು ಬೇಯಿಸಿದ ಕೋಳಿಮಾಂಸ, ಮೊಟ್ಟೆ, ಮೀನು ಜೊತೆಗೆ ಸೇರಬೇಕು, ಲವಣ ಮತ್ತು ಜೀವಸತ್ವಗಳ ಪ್ರಮಾಣವನ್ನು ಪಶುವೈದ್ಯರಿಂದ ಕೇಳಿ ಹೊಂದಿಸಬೇಕು. ಆ ತಾಪತ್ರಯ ಬೇಡದವರಿಗೆ ಸಿದ್ಧ ಆಹಾರ ಅನುಕೂಲ. ಬೆಳೆಯುವ ಮರಿಗೆ ಗಟ್ಟಿಯಾಗಲೆಂದು ಕೇಳದೆ ಕ್ಯಾಲ್ಸಿಯಂ ಟಾನಿಕ್ ಕುಡಿಸುವುದು ಮಾತ್ರ ತಪ್ಪು. ದೊಡ್ಡ ತಳಿಯ ಮರಿಗಳಲ್ಲಿ ಹೆಚ್ಚಾದ ಕ್ಯಾಲ್ಸಿಯಂ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ. ಮನೆ ಊಟದ ನಿಜವಾದ ಅಪಾಯ ಒಗ್ಗರಣೆಯಲ್ಲಿದೆ. ಮದ್ದೂರು ವಡೆಯನ್ನೇ ನೋಡಬಹುದು: ಅಕ್ಕಿ ಹಿಟ್ಟು, ರವೆ, ಮೈದಾದ ನಡುವೆ ಹೆಚ್ಚಿದ ಈರುಳ್ಳಿ ಎದ್ದು ಕಾಣುತ್ತದೆ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೇಯಿಸಿದರೂ ಕರಿದರೂ ಆ ಗುಣ ಹೋಗುವುದಿಲ್ಲ. ಮೈತೂಕದ ನೂರಕ್ಕೆ ಅರ್ಧ ಪಾಲು, ಎಂದರೆ 30 ಕಿಲೋ ನಾಯಿಗೆ 150 ಗ್ರಾಂ ಈರುಳ್ಳಿ ಒಮ್ಮೆಗೆ ಹೊಟ್ಟೆ ಸೇರಿದರೆ ವಿಷವಾಗಬಹುದು. ಒಂದು ಚೂರು ವಡೆಯಿಂದ ನಾಯಿ ಸಾಯುವುದಿಲ್ಲ, ನಿಜ. ಆದರೆ ವಡೆಯ ಚೂರು, ಹುಳಿಯ ಗಟ್ಟಿ, ಬಾಡಿನ ಸಾರು ಎಂದು ದಿನದಿನವೂ ಸೇರುವುದೂ ರಕ್ತಹೀನತೆಗೆ ದಾರಿ. ಬಂಡೂರು ಕುರಿಯ ತವರಾದ ಮಳವಳ್ಳಿ ಸೀಮೆಯಲ್ಲಿ ಬಾಡೂಟದ ಮರುದಿನ ನಾಯಿಗೆ ಮೂಳೆ ಬೀಳುವುದು ವಾಡಿಕೆ. ಬೆಂದ ಮೂಳೆ ಸೀಳಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಆಲೆಮನೆಯ ಬೆಲ್ಲ ವಿಷವಲ್ಲವಾದರೂ ಬೊಜ್ಜಿನ ಮೂಲ.

ಚಳಿನಾಡಿನ ನಾಯಿಯನ್ನು ಈ ಬಿಸಿಲಿಗೆ ತರುವುದೇ ಹಿಂಸೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಮಾರ್ಚ್‌ನಿಂದ ಮೇವರೆಗೆ ಇಲ್ಲಿ ಮಧ್ಯಾಹ್ನದ ತಾಪ 35 ಡಿಗ್ರಿ ದಾಟುವುದು ಸಾಮಾನ್ಯ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ನೀರು ನಿಂತ ಗದ್ದೆ, ಒತ್ತಾಗಿ ಬೆಳೆದ ಕಬ್ಬಿನ ನಡುವೆ ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಆ ಉಪಾಯ ಸೋಲುತ್ತದೆ. ಆದರೂ ಇದೇ ಬಿಸಿಲಿನಲ್ಲಿ ರಾಜ್ಯದ ಪೊಲೀಸ್ ಶ್ವಾನದಳದ ಲ್ಯಾಬ್ರಡಾರ್‌ಗಳು ವಾಸನೆ ಹಿಡಿಯುವ ಕೆಲಸ ಮಾಡುತ್ತಿವೆ. ಅವುಗಳಿಗೆ ಅಳತೆಯ ಊಟ, ಹೊತ್ತಿಗೆ ಸರಿಯಾದ ಕಸರತ್ತು, ಜೊತೆಗೆ ಗಮನಿಸುವ ಒಬ್ಬ ತರಬೇತುದಾರ ಇರುತ್ತಾನೆ. ಅಂದರೆ ಬಿಸಿಲೊಂದೇ ಶತ್ರುವಲ್ಲ. ಬೊಜ್ಜೂ ಹೊತ್ತುಗೊತ್ತಿಲ್ಲದ ಓಟವೂ ಅದರ ಜೊತೆಗೂಡಿದಾಗ ಅಪಾಯ ಹೆಚ್ಚುತ್ತದೆ. ಬೇಸಿಗೆಯಲ್ಲಿ ನಡಿಗೆ ಬೆಳಗ್ಗೆ ಏಳರೊಳಗೆ, ಸಂಜೆ ನೆಲ ಆರಿದ ಮೇಲೆ ಆಗಬೇಕು. ಅಂಗೈಯ ಹಿಂಬದಿಯನ್ನು ಡಾಂಬರಿನ ಮೇಲೆ ಕೆಲವು ಕ್ಷಣ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಕಾವಲಿಯೇ. ಮಧ್ಯಾಹ್ನಕ್ಕೆ ತಗಡಿನ ಗೂಡು ಬೇಡ. ತೆಂಗಿನ ನೆರಳೋ, ಗಾಳಿಯಾಡುವ ಜಗಲಿಯೋ, ಒಳಮನೆಯ ತಣ್ಣನೆಯ ನೆಲವೋ ಇರಬೇಕು. ಸೆಖೆಯೆಂದು ತುಪ್ಪಳನ್ನು ಬೋಳಿಸುವುದೂ ಸಲ್ಲದು, ಆ ಪದರ ಬಿಸಿಲಿನಿಂದ ಚರ್ಮವನ್ನೂ ಕಾಯುತ್ತದೆ. ದಿನಾ ಬಾಚಿ ಸತ್ತ ಒಳಗೂದಲು ತೆಗೆದರೆ ಗಾಳಿ ಆಡುತ್ತದೆ. ನಾಯಿ ಜೊಲ್ಲು ಸುರಿಸುತ್ತ ತೂರಾಡಿದರೆ, ಒಸಡು ಕಡುಕೆಂಪಾದರೆ ಅದು ಬಿಸಿಲಾಘಾತ. ಕೂಡಲೇ ಮೈಗೆಲ್ಲ ನೀರು ಸುರಿದು ಗಾಳಿ ಬೀಸಬೇಕು, ವೈದ್ಯರಲ್ಲಿಗೆ ಒಯ್ಯಲು ಗಾಡಿ ಹುಡುಕುವುದು ಆಮೇಲೆ.

ಚಳಿನಾಡಿನ ಈ ನಾಯಿಗೆ ಮಂಡ್ಯ ಕೊಡಬಲ್ಲ ದೊಡ್ಡ ಉಡುಗೊರೆ ನೀರು. ಕೃಷ್ಣರಾಜಸಾಗರದ ವಿಶ್ವೇಶ್ವರಯ್ಯ ನಾಲೆ, ಶಿಂಷಾ ನದಿ, ಊರೂರಿನ ಕೆರೆಗಳಿಂದಾಗಿ ಈ ಸೀಮೆಯಲ್ಲಿ ನೀರಿನಿಂದ ಬಹು ದೂರವಿರುವ ಮನೆಗಳು ಕಡಿಮೆ. ಈಜು ಕೀಲಿಗೆ ಹೊರೆಯಾಗದ ವ್ಯಾಯಾಮ. ಮೈಯೂ ತಂಪು, ಮನಸ್ಸೂ ತಣಿಯುತ್ತದೆ. ಆದರೆ ನೀರು ಕಂಡಲ್ಲಿ ಬಿಡುವಂತಿಲ್ಲ. ಅಂಚಿಗೆ ಕಾಂಕ್ರೀಟು ಹೊದಿಸಿದ, ಸೆಳವಿರುವ ನಾಲೆಗೆ ಬಿದ್ದ ನಾಯಿಗೆ ಹತ್ತಿ ಬರಲು ಹಿಡಿತವೇ ಸಿಗುವುದಿಲ್ಲ. ಇಳಿಜಾರು ದಡದ ನಿಂತ ಕೆರೆ ಲೇಸು. ಗದ್ದೆ ಬದುವಿನ ಕೊಚ್ಚೆನೀರಿನ ಗಂಡಾಂತರ ಬೇರೆ. ಕಬ್ಬು ಮತ್ತು ಭತ್ತದ ಬಯಲು ಇಲಿಗಳ ಬೀಡು. ಅವುಗಳ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ನಾಯಿಯ ಮೂತ್ರಪಿಂಡ ಮತ್ತು ಯಕೃತ್ತನ್ನು ಕೆಡಿಸುತ್ತದೆ, ಮನೆಮಂದಿಗೂ ಅಂಟಬಲ್ಲದು. ಆದ್ದರಿಂದ ನೀರಾವರಿ ಸೀಮೆಯಲ್ಲಿ ಇಲಿಜ್ವರದ ಲಸಿಕೆಯನ್ನು ಪ್ರತಿವರ್ಷ ತಪ್ಪದೆ ಹಾಕಿಸಬೇಕು. ಈಜಿದ ಮೇಲೆ ಜೋಲುಕಿವಿಯನ್ನು ಮಗುಚಿ ಒಣಬಟ್ಟೆಯಿಂದ ಒರೆಸಬೇಕು. ತೇವ ನಿಂತ ಕಿವಿ ಎರಡು ದಿನದಲ್ಲಿ ನಾರುತ್ತದೆ. ನಾಯಿ ತಲೆ ಕೊಡವತೊಡಗಿದರೆ ಸೋಂಕು ಶುರುವಾಗಿದೆ ಎಂದೇ ಲೆಕ್ಕ.

ಕೊಚ್ಚೆನೀರಿನ ನಂತರದ ಶತ್ರು ಉಣ್ಣೆ. ನಾಯಿಯ ಕಂದು ಉಣ್ಣೆ ರಕ್ತ ಹೀರುವಾಗ ಎರ್ಲಿಕಿಯಾ ಎಂಬ ರೋಗಾಣುವನ್ನು ದಾಟಿಸುತ್ತದೆ. ಜ್ವರ, ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಿಂದ ರಕ್ತ ಬರುವುದು ಅದರ ಲಕ್ಷಣಗಳು. ಬೇಗ ಗುರುತಿಸಿದರೆ ಸಾಮಾನ್ಯ ಪ್ರತಿಜೈವಿಕದಿಂದಲೇ ವಾಸಿಯಾಗುತ್ತದೆ. ಈ ಉಣ್ಣೆ ರಕ್ತ ಹೀರಿ ಉದುರಿದ ಮೇಲೆ ಗೋಡೆಯ ಬಿರುಕು, ಗೂಡಿನ ಸಂದಿಗಳಲ್ಲಿ ಮೊಟ್ಟೆಯಿಡುವುದರಿಂದ ನಾಯಿಗೆ ಮಾತ್ರ ಔಷಧಿ ಹಚ್ಚಿದರೆ ಸಾಲದು, ಗೂಡನ್ನೂ ಜಗಲಿಯನ್ನೂ ಶುಚಿ ಮಾಡಬೇಕು. ಕೊಟ್ಟಿಗೆಯಲ್ಲಿ ದನಕ್ಕೆ ಬಳಿಯುವ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಸುರಿಯುವುದು ಅಪಾಯ. ಪಾರ್ವೋ ಮತ್ತು ಡಿಸ್ಟೆಂಪರ್ ಲಸಿಕೆಗಳು ಆರರಿಂದ ಎಂಟನೆಯ ವಾರದಲ್ಲಿ ಶುರುವಾಗಿ ಹದಿನಾರನೆಯ ವಾರದವರೆಗೆ ನಡೆಯಬೇಕು, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಮುಂದೆ ವರ್ಷವರ್ಷ ಬೂಸ್ಟರ್. ನಮ್ಮೂರ ಪಶು ಆಸ್ಪತ್ರೆ ಇರುವುದು ಹಸು ಎಮ್ಮೆಗೆ ಎಂಬ ಅಳುಕು ಹಳ್ಳಿಗಳಲ್ಲಿದೆ. ಹಾಲಿನ ಜಿಲ್ಲೆಯಲ್ಲಿ ಅವರ ಕೆಲಸದ ಭಾರ ದನಕರುಗಳದೇ, ಸರಿ. ಆದರೆ ಈ ಲಸಿಕೆ, ಜಂತುಹುಳದ ಮಾತ್ರೆ, ರಕ್ತ ನೋಡಿ ಉಣ್ಣೆಜ್ವರ ಅಂದಾಜಿಸುವುದು ತಾಲೂಕು ಮಟ್ಟದ ವೈದ್ಯರ ತಿಳಿವಳಿಕೆಗೆ ನಿಲುಕುವ ಕೆಲಸಗಳೇ. ದೊಡ್ಡ ಶಸ್ತ್ರಚಿಕಿತ್ಸೆಗೆ ಮೈಸೂರೋ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೋ ಹೆದ್ದಾರಿಯಲ್ಲಿ ಹೋಗಿಬರಬಹುದಾದ ದಾರಿ.

ಮೈಯ ಆರೋಗ್ಯದಷ್ಟೇ ಮುಖ್ಯವಾದದ್ದು ಕೆಲಸ. ತರುವುದಕ್ಕೆಂದೇ ಹುಟ್ಟಿದ ನಾಯಿಯನ್ನು ಗೇಟಿಗೆ ಸರಪಳಿಯಲ್ಲಿ ಕಟ್ಟಿದರೆ ಅದು ಚಪ್ಪಲಿ ಕಡಿಯುತ್ತದೆ, ಗುಂಡಿ ತೋಡುತ್ತದೆ, ತನ್ನ ಕಾಲನ್ನೇ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ. ಕಾವಲಿಗೆಂದು ಇದನ್ನು ತಂದವರು ಬೇಸರಪಡುವುದೂ ಇದಕ್ಕೇ. ಅಪರಿಚಿತನಿಗೂ ಬಾಲ ಆಡಿಸುವ ತಳಿ ಕಾವಲುನಾಯಿ ಆಗದು. ಇದಕ್ಕೆ ಬೇಕಾದದ್ದು ಸುಲಿದ ತೆಂಗಿನಕಾಯಿ ಮಟ್ಟೆಯ ತುಂಡೊಂದನ್ನು ತೋಟದಲ್ಲಿ ಎಸೆದು ತರಿಸುವುದು, ಊಟದ ಒಂದು ಪಾಲನ್ನು ಸೋಗೆಯ ಕೆಳಗೆ ಬಚ್ಚಿಟ್ಟು ಮೂಸಿ ಹುಡುಕಿಸುವುದು, ಮನೆಮಂದಿಯ ನಡುವೆ ಮಲಗುವುದು. ರಾತ್ರಿ ಒಳಗೆ ಮಲಗಿಸಲು ಇನ್ನೊಂದು ಕಾರಣವೂ ಇದೆ: ಕಬ್ಬಿನ ಗದ್ದೆಯಲ್ಲಿ ಬೀಡುಬಿಡುವ ಚಿರತೆಗೆ ಅಂಗಳದಲ್ಲಿ ಕಟ್ಟಿದ ನಾಯಿ ಸುಲಭದ ತುತ್ತು, ಗದ್ದೆ ಬದಿಯ ಕೊಳಕುಮಂಡಲದ ಭಯ ಬೇರೆ.

ಎಷ್ಟು ಚೆನ್ನಾಗಿ ಸಾಕಿದರೂ ಹುಟ್ಟಿನಲ್ಲೇ ಬರುವ ದೋಷಗಳಿವೆಯಲ್ಲ ಎಂಬುದು ಈ ಲೇಖನದ ನಿಲುವಿಗೆ ಎದುರಾಗುವ ಗಟ್ಟಿ ಪ್ರಶ್ನೆ. ಸೊಂಟದ ಕೀಲಿನ ದೋಷ, ಗೋಲ್ಡನ್ ತಳಿಯಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಇಂಥವು. 2022ರಲ್ಲಿ ತೆರೆಕಂಡ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ ಚಿತ್ರ ಒಂದು ಲ್ಯಾಬ್ರಡಾರನ್ನು ಕನ್ನಡಿಗರ ಮನೆಮಗಳನ್ನಾಗಿಸಿತು. ದುರಾಸೆಯ ತಳಿ ವ್ಯಾಪಾರ ನಾಯಿಯ ಮೈಗೆ ಏನು ಮಾಡುತ್ತದೆಂಬುದನ್ನೂ ಅದೇ ಚಿತ್ರ ತೋರಿಸಿತು. ಹುಟ್ಟಿನ ದೋಷಕ್ಕೂ ಕೊಳ್ಳುವವನ ವಿವೇಕಕ್ಕೂ ಸಂಬಂಧವಿದೆ. 2017ರ ಕೇಂದ್ರ ನಿಯಮಗಳ ಪ್ರಕಾರ ತಳಿಗಾರರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿನಾಯಿಯನ್ನು ತೋರಿಸದವನಿಂದ ಮರಿ ತರಬಾರದು. ಸಂತಾನಹರಣವನ್ನೂ ಆತುರದಲ್ಲಿ ಮಾಡಿಸಬಾರದು: ವರ್ಷ ತುಂಬುವ ಮೊದಲೇ ಮಾಡಿಸಿದ ಗೋಲ್ಡನ್‌ಗಳಲ್ಲಿ ಕೀಲಿನ ತೊಂದರೆ ಹೆಚ್ಚೆಂದು 2013ರ ಅಮೆರಿಕದ ಅಧ್ಯಯನವೊಂದು ಕಂಡಿತು. ಹೊತ್ತು ಯಾವುದೆಂದು ವೈದ್ಯರ ಜೊತೆ ಕೂತು ತೀರ್ಮಾನಿಸಬೇಕು.

ಇಷ್ಟೆಲ್ಲ ಪಡಿಪಾಟಲಿಗಿಂತ ಮುಧೋಳವನ್ನೋ ಬೀದಿಯ ನಾಟಿ ಮರಿಯನ್ನೋ ಸಾಕಬಾರದೇ ಎಂದರೆ, ಖಂಡಿತ ಸಾಕಬಹುದು. ಈ ಹವೆಗೆ ಅವು ಹೆಚ್ಚು ಒಗ್ಗಿದವು, ನಾಟಿ ಮರಿಗಂತೂ ಖರ್ಚೂ ಕಡಿಮೆ. ರಿಟ್ರೀವರೇ ಬೇಕೆನ್ನುವ ಮನೆ ಮರಿ ತರುವ ಮೊದಲು ಮೂರು ಪ್ರಶ್ನೆಗೆ ಹೆಸರು ಹಿಡಿದು ಉತ್ತರ ಹೇಳಲಿ: ಬೆಳಗಿನ ಆರು ಗಂಟೆಗೆ ಇದನ್ನು ನಡೆಸುವವರು ಯಾರು, ಊಟ ಅಳೆಯುವವರು ಯಾರು, ಏಪ್ರಿಲ್ ಮಧ್ಯಾಹ್ನ ಇದು ಮಲಗುವುದು ಎಲ್ಲಿ. ಉತ್ತರ ಸಿಕ್ಕ ಮನೆಯಲ್ಲಿ ಈ ನಾಯಿ ಹತ್ತು ಹನ್ನೆರಡು ವರ್ಷ ಸುಖವಾಗಿರುತ್ತದೆ. ಸಿಗದ ಮನೆಗೆ ಬಾಗಿಲಲ್ಲಿ ಕಾದಿರುವ ನಾಟಿ ಮರಿಯೇ ಸರಿ.