ಅಂಗಳದಲ್ಲಿ ಬಿದ್ದವರ ಸಂಬಳ

ಮಳೆಗಾಲ ಹಿಡಿಯಿತೆಂದರೆ ಕರಾವಳಿಯ ಮುರಕಲ್ಲಿನ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟುತ್ತದೆ. ಉಡುಪಿಯಲ್ಲಾಗಲಿ, ಕಾಪುವಿನಲ್ಲಾಗಲಿ, ಕಾರ್ಕಳದಲ್ಲಾಗಲಿ ಬಾವಿಕಟ್ಟೆಗೆ ಹೋದವರು ಜಾರಿ ಬಿದ್ದು ಕೈಯನ್ನೋ ಕಾಲನ್ನೋ ಮುರಿದುಕೊಳ್ಳುವುದು ಪ್ರತಿ ವರ್ಷದ ಮಾತು. ಮೂಳೆ ಕೂಡಲು ಆರೆಂಟು ವಾರ ಬೇಕು. ಬಿದ್ದವರು ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುವವರಾಗಿದ್ದರೆ, ಅಂಗಡಿಯ ಗುಮಾಸ್ತರಾಗಿದ್ದರೆ, ಹೋಟೆಲಿನ ಮಾಣಿಯಾಗಿದ್ದರೆ ಆ ಆರೆಂಟು ವಾರಗಳ ಸಂಬಳದ ಗತಿಯೇನು?

ಇದೇ ಮೂಳೆ ಕಾರ್ಖಾನೆಯ ಮೆಟ್ಟಿಲಿನಲ್ಲಿ ಮುರಿದಿದ್ದರೆ ಉತ್ತರ ಸುಲಭವಿತ್ತು. ಮನೆಯ ಮೆಟ್ಟಿಲಿನಲ್ಲಿ ಮುರಿದದ್ದರಿಂದ ಕಷ್ಟವಾಯಿತು. ನೋವು ಒಂದೇ, ಆಸ್ಪತ್ರೆಯ ಖರ್ಚು ಒಂದೇ, ಮನೆಯ ಒಲೆ ಕೇಳುವ ಅಕ್ಕಿಯೂ ಒಂದೇ. ಆದರೂ ಕಾನೂನು ಎರಡರ ನಡುವೆ ಒಂದು ಗೆರೆ ಎಳೆದಿದೆ. ಆ ಗೆರೆ ನೂರು ವರ್ಷಗಳಲ್ಲಿ ಎಲ್ಲೆಲ್ಲಿ ಸರಿಯಿತು ಎಂಬುದು ದುಡಿಯುವವರ ಇತಿಹಾಸದ ಒಂದು ಮುಖ್ಯ ಅಧ್ಯಾಯ.

<b>ಮೊದಲ ಗೆರೆ</b>

ಭಾರತದಲ್ಲಿ ಗಾಯಗೊಂಡ ಕಾರ್ಮಿಕನಿಗೆ ಹಣ ಸಲ್ಲಬೇಕೆಂದು ಹೇಳಿದ ಮೊದಲ ದೊಡ್ಡ ಕಾನೂನು 1923ರ ಕಾರ್ಮಿಕರ ಪರಿಹಾರ ಕಾಯಿದೆ. 1924ರ ಜುಲೈ 1ರಿಂದ ಅದು ಜಾರಿಗೆ ಬಂತು. ಮಾಲೀಕನ ತಪ್ಪಿರಲಿ, ಇಲ್ಲದಿರಲಿ, ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಆದ ಅಪಘಾತಕ್ಕೆ ಪರಿಹಾರ ಕೊಡಬೇಕು ಎಂಬುದು ಅದರ ತಿರುಳು. ‘ಕಾರಣದಿಂದ’ ಮತ್ತು ‘ವೇಳೆಯಲ್ಲಿ’ ಎಂಬ ಎರಡು ಷರತ್ತುಗಳೂ ಕೂಡಿ ಬರಬೇಕು. ಯಂತ್ರಕ್ಕೆ ಕೈ ಕೊಟ್ಟವನು ಒಳಗೆ, ಬಾವಿಕಟ್ಟೆಯಲ್ಲಿ ಬಿದ್ದವನು ಹೊರಗೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನೇ ಕಾನೂನು ಅಕ್ಷರಶಃ ಹಿಡಿದಂತಿತ್ತು.

ಮಾಲೀಕರ ಪಾಲಿಗೆ ಇದರಲ್ಲಿ ನ್ಯಾಯವಿರಲಿಲ್ಲವೆಂದಲ್ಲ. ತನ್ನ ಕೆಲಸದಿಂದ ಹುಟ್ಟಿದ ಅಪಾಯಕ್ಕೆ ತಾನು ಹೊಣೆ, ಬೇರೆಯದಕ್ಕೆ ಹೇಗೆ ಹೊಣೆ ಎಂದು ಆತ ಕೇಳುವುದು ಸಹಜ. ಆದ್ದರಿಂದ ಮುಂದಿನ ಹೆಜ್ಜೆ ಇಡಬೇಕಾದರೆ ಹೊಣೆಯನ್ನು ಒಬ್ಬ ಮಾಲೀಕನ ತಲೆಯಿಂದ ಇಳಿಸಿ ಎಲ್ಲರಿಗೂ ಹಂಚಬೇಕಿತ್ತು. ಅಥವಾ ಕೆಲವು ದಿನಗಳ ರಜೆಯನ್ನು ಸಂಬಳದ ಭಾಗವೆಂದೇ ಒಪ್ಪಬೇಕಿತ್ತು. ಎರಡೂ ಹೆಚ್ಚುಕಡಮೆ ಒಟ್ಟಿಗೇ ಆದವು, ಸ್ವಾತಂತ್ರ್ಯ ಬಂದ ಹೊಸ್ತಿಲಲ್ಲಿ.

<b>ಮದರಾಸಿನ ಹನ್ನೆರಡು ದಿನ</b>

ಆಗ ಉಡುಪಿ, ಕಾರ್ಕಳಗಳು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳು. ಕಾಪು ಉಡುಪಿ ತಾಲೂಕಿನ ಒಂದು ಊರು. ಮದರಾಸು ಶಾಸನಸಭೆ 1947ರಲ್ಲಿ ಅಂಗಡಿಗಳು ಮತ್ತು ಸಂಸ್ಥೆಗಳ ಕಾಯಿದೆಯನ್ನು ಮಾಡಿತು. ಅಂಗಡಿ, ವಾಣಿಜ್ಯ ಸಂಸ್ಥೆ, ಹೋಟೆಲು, ಫಲಾಹಾರ ಮಂದಿರ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ಉಡುಪಿಯ ಕಡೆಯಿಂದ ಹೋಗಿ ಮದರಾಸಿನ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೂ ಅದು ಸಂಬಂಧಿಸಿದ್ದೇ.

ಆ ಕಾಯಿದೆಯ 25ನೆಯ ಕಲಮು ವಾರ್ಷಿಕ ರಜೆಯಲ್ಲದೆ ಇನ್ನೂ ಎರಡು ಬಗೆಯ ರಜೆಗಳನ್ನು ಕೊಟ್ಟಿತು. ಕಾಯಿಲೆ ಬಿದ್ದರೆ ಅಥವಾ ಅಪಘಾತವಾದರೆ ವರ್ಷಕ್ಕೆ 12 ದಿನಗಳವರೆಗೆ ಸಂಬಳ ಸಹಿತ ರಜೆ. ಯಾವುದೇ ಯುಕ್ತ ಕಾರಣಕ್ಕೆ ಇನ್ನೊಂದು 12 ದಿನಗಳವರೆಗೆ ಸಾಂದರ್ಭಿಕ ರಜೆ. ಇಲ್ಲಿ ಗಮನಿಸಬೇಕಾದದ್ದು ‘ಅಪಘಾತ’ ಎಂಬ ಒಂದು ಮಾತು. ಅದು ಎಲ್ಲಿ ಆಯಿತು, ಯಾವ ಹೊತ್ತಿನಲ್ಲಿ ಆಯಿತು ಎಂದು ಕಲಮು ಕೇಳುವುದಿಲ್ಲ. ಅಂಗಡಿಯಲ್ಲಿ ಮೂಟೆ ಬಿದ್ದರೂ ಸರಿ, ಭಾನುವಾರ ಕಂಬಳದ ಗದ್ದೆಯ ಬದಿಯಲ್ಲಿ ಕಾಲು ಉಳುಕಿದರೂ ಸರಿ. ಕೆಲಸದ ಹೊರಗಿನ ಗಾಯಕ್ಕೆ ಸಂಬಳ ಸಹಿತ ರಜೆ ಎಂಬ ಹಕ್ಕು ಹೀಗೆ ಸದ್ದಿಲ್ಲದೆ ಕರಾವಳಿಯನ್ನು ಪ್ರವೇಶಿಸಿತು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಮೈಸೂರು ರಾಜ್ಯ 1961ರಲ್ಲಿ ತನ್ನದೇ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು ಮಾಡಿತು. ಇಂದು ಕರ್ನಾಟಕದ ಹೆಸರಿನಲ್ಲಿರುವ ಆ ಕಾಯಿದೆಯ 15ನೆಯ ಕಲಮಿನಲ್ಲಿ ಮದರಾಸಿನ ಮಾತುಗಳ ನೆರಳು ಕಾಣುತ್ತದೆ. ಕಾಯಿಲೆ, ಅಪಘಾತ ಅಥವಾ ಬೇರೆ ಯುಕ್ತ ಕಾರಣಕ್ಕೆ ವರ್ಷಕ್ಕೆ 12 ದಿನಗಳನ್ನು ಮೀರದ ಸಂಬಳ ಸಹಿತ ರಜೆ ಎಂದು ಅದು ಹೇಳುತ್ತದೆ. ಆದರೆ ಮದರಾಸು ಎರಡು ಬುಟ್ಟಿಗಳಲ್ಲಿ ಇಟ್ಟದ್ದನ್ನು ಮೈಸೂರು ಒಂದೇ ಬುಟ್ಟಿಗೆ ಹಾಕಿತು. ಅಷ್ಟಮಿಗೋ ಮದುವೆಗೋ ರಜೆ ಮಾಡಿ ಹನ್ನೆರಡನ್ನೂ ಮುಗಿಸಿಕೊಂಡವರಿಗೆ ಕಾಲು ಮುರಿದಾಗ ಉಳಿಯುವುದು ಇಪ್ಪತ್ತು ದಿನದ ದುಡಿಮೆಗೆ ಒಂದರಂತೆ ಬರುವ ಗಳಿಕೆ ರಜೆ ಮಾತ್ರ. ಇನ್ನು 1948ರ ಕಾರ್ಖಾನೆಗಳ ಕಾಯಿದೆಯಲ್ಲಿ ಗಳಿಕೆ ರಜೆಯಷ್ಟೇ ಇತ್ತು, ಕಾಯಿಲೆಯ ರಜೆ ಎಂಬ ಪ್ರತ್ಯೇಕ ಲೆಕ್ಕವೇ ಇರಲಿಲ್ಲ. ಕಾರ್ಖಾನೆಯವರಿಗೆ ಬೇರೊಂದು ದಾರಿ ಸಿದ್ಧವಾಗುತ್ತಿತ್ತು.

<b>ಕಾರಣ ಕೇಳದ ವಿಮೆ</b>

ಕಾರ್ಮಿಕರ ಸ್ಥಿತಿಗತಿ ವಿಚಾರಿಸಲು 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ ಕಾಯಿಲೆ ವಿಮೆಯ ಮಾತೆತ್ತಿತ್ತು. 1943ರಲ್ಲಿ ಸರಕಾರ ಪ್ರೊ. ಬಿ.ಪಿ. ಅದಾರ್‌ಕರ್ ಅವರಿಗೆ ಯೋಜನೆ ರೂಪಿಸಲು ಹೇಳಿತು. 1944ರ ಆಗಸ್ಟಿನಲ್ಲಿ ಅವರು ಕೊಟ್ಟ ವರದಿಯ ಬುನಾದಿಯ ಮೇಲೆ 1948ರ ನೌಕರರ ರಾಜ್ಯ ವಿಮಾ ಕಾಯಿದೆ ಎದ್ದು ನಿಂತಿತು. ಜನರ ಬಾಯಲ್ಲಿ ಅದು ಇ.ಎಸ್.ಐ. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ್ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ತಿಂಗಳಿಗೆ 400 ರೂಪಾಯಿಯವರೆಗೆ ಸಂಬಳ ಪಡೆಯುವವರಿಗೆಂದು ಆರಂಭವಾದ ಯೋಜನೆಯ ಮಿತಿ 2017ರ ಜನವರಿಯಿಂದ 21,000 ರೂಪಾಯಿಗೆ ಏರಿತು.

ಈ ಕಾಯಿದೆಯ ಜಾಣ್ಮೆಯೆಲ್ಲ ಒಂದು ವ್ಯಾಖ್ಯೆಯಲ್ಲಿದೆ. ‘ಕಾಯಿಲೆ’ ಎಂದರೆ ವೈದ್ಯಕೀಯ ಚಿಕಿತ್ಸೆ ಬೇಕಾಗುವ, ಆ ಕಾರಣಕ್ಕೆ ಕೆಲಸದಿಂದ ದೂರ ಉಳಿಯಲೇಬೇಕಾದ ದೇಹಸ್ಥಿತಿ ಎಂದು ಅದು ಹೇಳಿತು. ಜ್ವರವೋ ಮೂಳೆ ಮುರಿತವೋ, ಮನೆಯಲ್ಲಿ ಆದದ್ದೋ ರಸ್ತೆಯಲ್ಲಿ ಆದದ್ದೋ ಎಂಬುದನ್ನು ಅದು ಕೇಳಲಿಲ್ಲ. ಅಂಗಳದಲ್ಲಿ ಬಿದ್ದ ಕಾರ್ಮಿಕಳೂ ಹೀಗೆ ವಿಮೆಯ ಆಸರೆಗೆ ಬಂದಳು. ಹಣ ಕೊಡುವುದು ಮಾಲೀಕನಲ್ಲ, ಎಲ್ಲರೂ ವಂತಿಗೆ ಹಾಕಿದ ನಿಧಿ. 2019ರ ಜುಲೈಯಿಂದ ಮಾಲೀಕರ ವಂತಿಗೆ ಸಂಬಳದ ಶೇ. 3.25, ಕಾರ್ಮಿಕರದು ಶೇ. 0.75.

ಆದರೂ ಗೆರೆ ಪೂರ್ತಿ ಅಳಿಯಲಿಲ್ಲ. ಕೆಲಸದಲ್ಲಿ ಗಾಯವಾದರೆ ಸರಾಸರಿ ದಿನಗೂಲಿಯ ಶೇ. 90ರಷ್ಟು ಹಣ, ಗುಣವಾಗುವವರೆಗೂ ಸಿಗುತ್ತದೆ, ಇಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತಿಲ್ಲ. ಹೊರಗೆ ಗಾಯವಾದರೆ ಅದು ಕಾಯಿಲೆಯ ಲೆಕ್ಕ: ಶೇ. 70, ವರ್ಷಕ್ಕೆ ಹೆಚ್ಚೆಂದರೆ 91 ದಿನ, ಸಾಮಾನ್ಯವಾಗಿ ಮೊದಲ ಎರಡು ದಿನಗಳಿಗೆ ಏನೂ ಇಲ್ಲ. ದಿನಕ್ಕೆ 600 ರೂಪಾಯಿ ಗಳಿಸುವವಳಿಗೆ ಒಂದು ಕಡೆ 540, ಇನ್ನೊಂದು ಕಡೆ 420. ಅದೂ ಆರು ತಿಂಗಳ ವಂತಿಗೆಯ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿದ್ದರೆ ಮಾತ್ರ. ಹೊಸದಾಗಿ ಸೇರಿದವರಿಗೆ ಈ ಷರತ್ತು ಸ್ವಲ್ಪ ಸಡಿಲ. ಆದರೂ ಮೊದಲ ಸುಮಾರು ಒಂಬತ್ತು ತಿಂಗಳು ಅವರು ಈ ಸೌಲಭ್ಯಕ್ಕೆ ಕಾಯಬೇಕು.

<b>ದಾರಿ ಯಾರದು?</b>

ಮನೆಗೂ ಕಾರ್ಖಾನೆಗೂ ನಡುವೆ ದಾರಿಯೊಂದಿದೆ. ಅಲ್ಲಿ ಬಿದ್ದವರು ಒಳಗಿನವರೋ ಹೊರಗಿನವರೋ? ನ್ಯಾಯಾಲಯಗಳು ಈ ಪ್ರಶ್ನೆಯನ್ನು ದಶಕಗಳ ಕಾಲ ಚರ್ಚಿಸಿದವು. ಸೌರಾಷ್ಟ್ರದ ಉಪ್ಪಿನ ಕೆಲಸಗಾರರು ದುಡಿಮೆ ಮುಗಿಸಿ ಕಡವಿನ ದೋಣಿಯಲ್ಲಿ ಮರಳುವಾಗ ದೋಣಿ ಮಗುಚಿ ಮುಳುಗಿದರು. ಅದು ಕೆಲಸದ ವೇಳೆಯ ಅಪಘಾತವಲ್ಲ ಎಂದು 1958ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಸೇತುವೆಗಳು ಬರುವ ಮುನ್ನ ಉದ್ಯಾವರ, ಕಲ್ಯಾಣಪುರಗಳ ಹೊಳೆಗಳನ್ನು ದೋಣಿಯಲ್ಲಿ ದಾಟುತ್ತಿದ್ದ ಕರಾವಳಿಯವರಿಗೆ ಆ ಪ್ರಕರಣದ ಅರ್ಥ ವಿವರಿಸಬೇಕಾಗಿಲ್ಲ. ಆದರೆ 1963ರಲ್ಲಿ, ಮುಂಬಯಿಯ ಬೆಸ್ಟ್ ಬಸ್ಸಿನ ಚಾಲಕ ಕೆಲಸ ಮುಗಿಸಿ ಅದೇ ಸಂಸ್ಥೆಯ ಬಸ್ಸಿನಲ್ಲಿ ಮನೆಗೆ ಹೋಗುವಾಗ ಸತ್ತದ್ದನ್ನು ಅದೇ ನ್ಯಾಯಾಲಯ ಕೆಲಸದ ವ್ಯಾಪ್ತಿಗೆ ಸೇರಿಸಿತು. 1996ರಲ್ಲಿ ಮತ್ತೆ ಗೆರೆ ಬಿಗಿಯಾಯಿತು. ಕೇರಳದ ಕೊರಟ್ಟಿಯಲ್ಲಿ ಪಾಳಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಕಾರ್ಮಿಕನಿಗೆ ಕಾರ್ಖಾನೆಯಿಂದ ಒಂದು ಕಿಲೋಮೀಟರ್ ದೂರದಲ್ಲಿ ಲಾರಿ ಬಡಿದು ಭುಜದ ಮೂಳೆ ಮುರಿದಿತ್ತು. ಅದು ಉದ್ಯೋಗದ ಗಾಯವಲ್ಲ ಎಂದಾಯಿತು.

ವಾದವನ್ನು ಕೊನೆಗಾಣಿಸಿದ್ದು ಸಂಸತ್ತು. 2010ರ ತಿದ್ದುಪಡಿ ಇ.ಎಸ್.ಐ. ಕಾಯಿದೆಗೆ 51-ಇ ಕಲಮನ್ನು ಸೇರಿಸಿತು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತಕ್ಕೂ ಉದ್ಯೋಗಕ್ಕೂ ಸಮಯ, ಸ್ಥಳ, ಸಂದರ್ಭಗಳ ಸಂಬಂಧ ಇದ್ದರೆ ಅದು ಕೆಲಸದ ಗಾಯವೇ. ಕಾಪುವಿನ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರ ಪಾಲಿಗೆ ಇದು ಚಿಕ್ಕ ಬದಲಾವಣೆಯಲ್ಲ. ಬೇರೊಂದು ವಾಹನದ ತಪ್ಪಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಯ ಬಾಗಿಲೂ ತೆರೆದಿದೆ. ಚಿಕಿತ್ಸೆಯ ಅವಧಿಯಲ್ಲಿ ಕಳೆದುಕೊಂಡ ಗಳಿಕೆಯನ್ನು ಅಲ್ಲಿ ಪ್ರತ್ಯೇಕ ಬಾಬತ್ತಾಗಿ ಕೇಳಬಹುದು. ಪಾಚಿಯ ಮೇಲೆ ಜಾರಿದವರಿಗೆ ಮಾತ್ರ ಎದುರು ಕಕ್ಷಿ ಯಾರೂ ಇಲ್ಲ.

<b>ಹಣಕ್ಕಿಂತ ದೊಡ್ಡದು</b>

ಎರಡು ತಿಂಗಳ ಸಂಬಳ ಹೋದರೆ ಸಾಲ ಮಾಡಿ ಬದುಕಬಹುದು, ಕೆಲಸವೇ ಹೋದರೆ? ಕಾಯಿಲೆಯ ಹಣ ಪಡೆಯುತ್ತಿರುವವರನ್ನು ವಜಾ ಮಾಡಬಾರದು, ಶಿಕ್ಷಿಸಬಾರದು ಎಂದು 1948ರ ಕಾಯಿದೆಯ 73ನೆಯ ಕಲಮು ಹೇಳಿತ್ತು. ಆದರೆ ಎಂಟು ದಿನ ಹೇಳದೆ ಗೈರುಹಾಜರಾದವರು ಕೆಲಸ ಬಿಟ್ಟಂತೆಯೇ ಎಂಬ ನಿಯಮ ಅನೇಕ ಕಾರ್ಖಾನೆಗಳ ಸ್ಥಾಯಿ ಆದೇಶಗಳಲ್ಲಿತ್ತು. ಮದರಾಸಿನ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಗಿರಣಿಯ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನೇ ಎತ್ತಿಹಿಡಿಯಿತು. ತಾನಾಗಿ ಕೆಲಸ ಹೋಗುವುದು ಶಿಕ್ಷೆಯಲ್ಲ ಎಂಬುದು ತರ್ಕ. ಮೂವತ್ತು ವರ್ಷ ಕಳೆದು, 1993ರಲ್ಲಿ, ಡಿ.ಕೆ. ಯಾದವ್ ಪ್ರಕರಣದಲ್ಲಿ ದೃಷ್ಟಿ ಬದಲಾಯಿತು. ವಿಚಾರಣೆ ನಡೆಸದೆ, ನೌಕರನ ಮಾತು ಕೇಳದೆ ಹೆಸರು ಹೊಡೆಯುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದಾಯಿತು. ವೈದ್ಯರ ಚೀಟಿಯನ್ನು ಕೂಡಲೇ ಮಾಲೀಕರಿಗೆ ಮುಟ್ಟಿಸಿ ಅದರ ದಾಖಲೆ ಇಟ್ಟುಕೊಳ್ಳುವುದು ಇಂದಿಗೂ ಜಾಣತನ ಎನ್ನುವುದಕ್ಕೆ ಈ ಇತಿಹಾಸವೇ ಕಾರಣ.

ಗಾಯ ಶಾಶ್ವತ ಅಂಗವೈಕಲ್ಯವಾಗಿ ಉಳಿದರೆ 1995ರ ಅಂಗವಿಕಲರ ಕಾಯಿದೆಯ 47ನೆಯ ಕಲಮು ಸರಕಾರಿ ಸಂಸ್ಥೆಗಳ ನೌಕರರ ಕೈ ಹಿಡಿಯಿತು. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ತೆಗೆಯಬಾರದು, ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. 2016ರ ಕಾಯಿದೆ ಇದನ್ನು ಮುಂದುವರಿಸಿದೆ. ಖಾಸಗಿಯವರ ಮೇಲೆ ಈ ಹೊಣೆ ಹೊರಿಸಿಲ್ಲ. ಸತತ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ಬಿಡಿಸುವುದನ್ನು ಕೈಗಾರಿಕಾ ವಿವಾದಗಳ ಕಾನೂನು ‘ಉದ್ಯೋಗ ಕಡಿತ’ ಎಂದು ಕೂಡ ಎಣಿಸಲಿಲ್ಲ, ಅದಕ್ಕೆ ಸಲ್ಲುವ ಪರಿಹಾರದಿಂದ ಅದನ್ನು ಹೊರಗಿಟ್ಟಿತು.

<b>ಪಿಗ್ಮಿಯವರು, ಬೀಡಿಯವರು</b>

ಈ ನೆಲದ ಎರಡು ದುಡಿಮೆಗಳು ಕಾನೂನಿನ ಗೆರೆಯನ್ನೇ ಗಲಿಬಿಲಿಗೊಳಿಸಿದವು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರಿನಲ್ಲಿ ಮಣಿಪಾಲದಲ್ಲಿ ನೆಲೆಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮನೆಮನೆಗೆ ಹೋಗಿ ದಿನದಿನದ ಉಳಿತಾಯ ಸಂಗ್ರಹಿಸುವ ಪಿಗ್ಮಿ ಏಜೆಂಟರು ಊರಿಗೆಲ್ಲ ಪರಿಚಿತರು. ಬ್ಯಾಂಕಿನ ಕಾಯಂ ಗುಮಾಸ್ತರಿಗೆ 1953ರ ಶಾಸ್ತ್ರಿ ತೀರ್ಪು, 1962ರ ದೇಸಾಯಿ ತೀರ್ಪು, 1966ರ ದ್ವಿಪಕ್ಷೀಯ ಒಪ್ಪಂದಗಳ ಮೂಲಕ ಕಾಯಿಲೆ ರಜೆಯ ಹಕ್ಕು ಗಟ್ಟಿಯಾಯಿತು. ಪಿಗ್ಮಿಯವರದು ಕಮಿಷನ್ ದುಡಿಮೆ. ಕಾಲು ನಡೆದರೆ ಗಳಿಕೆ, ನಿಂತರೆ ಇಲ್ಲ. ಅವರ ವಿವಾದ 1980ರಲ್ಲಿ ಹೈದರಾಬಾದಿನ ನ್ಯಾಯಮಂಡಳಿಗೆ ಹೋಯಿತು. 1988ರ ಐತೀರ್ಪು ತಿಂಗಳಿಗೆ 750 ರೂಪಾಯಿಯ ಆಸರೆ ವೇತನದ ಮಾತಾಡಿತು. 2001ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ, ಕಮಿಷನ್ ಎಂಬುದು ಕೂಲಿಯೇ ಎಂದು ಒಪ್ಪಿತು. ಕಾಯಂ ನೌಕರರ ಸ್ಥಾನ ಮಾತ್ರ ಅವರಿಗೆ ದೊರೆಯಲಿಲ್ಲ. 2020ರ ಏಪ್ರಿಲ್ 1ರಂದು ಆ ಬ್ಯಾಂಕೇ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ಬೀಡಿ ಕಟ್ಟುವ ಹೆಂಗಸರಿಗೆ ಮನೆಯೇ ಕಾರ್ಖಾನೆ. ಸೂಪು ಮಡಿಲಲ್ಲಿಟ್ಟು ಜಗಲಿಯಲ್ಲಿ ಕುಳಿತವಳು ಎದ್ದು ಬಾವಿಗೆ ಹೋದರೆ ಕೆಲಸದೊಳಗೋ ಹೊರಗೋ? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ದುಡಿಯುವವರನ್ನೂ ನೌಕರರೆಂದು ಎಣಿಸಿ, ಇಪ್ಪತ್ತು ದಿನಕ್ಕೊಂದು ಸಂಬಳದ ರಜೆಯನ್ನು ವಿಧಿಸಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊದಲಾದವರು ಅದನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆ ಊರ್ಜಿತವೆಂದಿತು. ಗಾಯಕ್ಕೆಂದೇ ಬೇರೆ ರಜೆ ಇಲ್ಲದಿದ್ದರೂ ಜಗಲಿಯ ದುಡಿಮೆಗೂ ರಜೆ ಉಂಟು ಎಂಬ ತತ್ತ್ವ ನಿಂತಿತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕೇಂದ್ರ ಕಾಯಿದೆಗಳು ಅವುಗಳಲ್ಲಿ ಕರಗಿದವು. ಇ.ಎಸ್.ಐ. ಯೋಜನೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಮುಂದುವರಿದಿದೆ, ಕೆಲಸಕ್ಕೆ ಹೋಗಿಬರುವ ದಾರಿಯ ರಕ್ಷಣೆಯೂ ಉಳಿದಿದೆ. ವಾರ್ಷಿಕ ರಜೆಗೆ ಬೇಕಿದ್ದ 240 ದಿನಗಳ ದುಡಿಮೆ 180ಕ್ಕೆ ಇಳಿದಿದೆ. ಮಣಿಪಾಲದ ವಿದ್ಯಾರ್ಥಿಗಳ ಕೋಣೆಗಳಿಗೆ ಊಟ ಹೊತ್ತು ಬೈಕಿನಲ್ಲಿ ಓಡುವ ಹುಡುಗರಿಗಾಗಿ ಸಂಹಿತೆಯಲ್ಲಿ ಹೊಸ ಅಧ್ಯಾಯವಿದೆ, ಕರ್ನಾಟಕವೂ 2025ರಲ್ಲಿ ಅವರಿಗೆಂದು ಕಲ್ಯಾಣ ಮಂಡಳಿ ಮತ್ತು ನಿಧಿಯ ಕಾನೂನು ಮಾಡಿದೆ. ಆದರೆ ಅವರ ಲೆಕ್ಕ ಪಿಗ್ಮಿಯವರ ಹಳೆಯ ಲೆಕ್ಕವೇ. ಚಕ್ರ ತಿರುಗಿದರೆ ಗಳಿಕೆ. ಬಿಡುವಿನ ದಿನ ಅಂಗಳದಲ್ಲಿ ಬಿದ್ದರೆ ಅವರಿಗೆ ಹನ್ನೆರಡು ದಿನದ ರಜೆಯೂ ಇಲ್ಲ, ತೊಂಬತ್ತೊಂದು ದಿನದ ಹಣವೂ ಇಲ್ಲ. ಮದರಾಸು 1947ರಲ್ಲಿ ಅಂಗಡಿಯ ಗುಮಾಸ್ತನಿಗೆ ಒಪ್ಪಿದ್ದನ್ನು ಇವರಿಗೂ ಒಪ್ಪುವ ಕೆಲಸ ಇನ್ನೂ ಬಾಕಿಯಿದೆ.