ನಮಾಝಿನ ಸಾಲಿನಲ್ಲಿ ಸಮಾನರು, ಮದುವೆ ಮಾತುಕತೆಯಲ್ಲಿ? ಬ್ಯಾರಿಗಳೊಳಗಿನ ಶ್ರೇಣಿಯನ್ನು ಅರಿಯಲು ಒಂದು ಕೈಪಿಡಿ

ಮುಸ್ಲಿಮರಲ್ಲಿ ಜಾತಿ ಇದೆಯಾ? ಮಂಗಳೂರಿನಲ್ಲಿ ಈ ಪ್ರಶ್ನೆ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ‘ಇಸ್ಲಾಮಿನಲ್ಲಿ ಜಾತಿಯೇ ಇಲ್ಲ’ ಅನ್ನೋದು ಒಂದು. ‘ನೋಡಿ, ಅವರಲ್ಲೂ ಇದೆ’ ಅಂತ ಖುಷಿಪಡೋದು ಇನ್ನೊಂದು. ಮೊದಲನೆಯದು ಧರ್ಮದ ಬಗ್ಗೆ ಹೇಳುತ್ತದೆ, ಸಮಾಜದ ಬಗ್ಗೆ ಅಲ್ಲ. ಎರಡನೆಯದಕ್ಕೆ ಕ್ಷೌರಿಕನ ಮಗಳ ಭವಿಷ್ಯದಲ್ಲಿ ಯಾವ ಆಸಕ್ತಿಯೂ ಇಲ್ಲ. ನನ್ನ ಆಸಕ್ತಿ ಇರೋದು ಆ ಮಗಳಲ್ಲಿ.

ಯಾರು, ಎಲ್ಲಿ?

ದಕ್ಷಿಣ ಕನ್ನಡದ ಮುಸ್ಲಿಮರಲ್ಲಿ ದೊಡ್ಡ ಗುಂಪು ಬ್ಯಾರಿಗಳದು. ಮನೆಮಾತು ಬ್ಯಾರಿ, ಅನುಸರಿಸುವುದು ಶಾಫಿ ಪಂಥ. ಹೊರಗಿನವರಿಗೆ ಎಲ್ಲರೂ ಒಂದೇ. ಒಳಗೆ ಹೋದರೆ ಮೆಟ್ಟಿಲುಗಳಿವೆ. ಪ್ರವಾದಿಯ ವಂಶದವರು ಎಂದು ಗುರುತಿಸಿಕೊಳ್ಳುವ ತಂಙಳರು ಮೇಲೆ. ನಡುವೆ ವ್ಯಾಪಾರಿ, ಕೃಷಿಕ ಬ್ಯಾರಿಗಳು. ಕೆಳಗೆ, ಮೀನುಗಾರ ಸಮುದಾಯದಿಂದ ತಡವಾಗಿ ಮತಾಂತರವಾದವರು ಎನ್ನಲಾಗುವ ಪುಸಲಾರ್‌ಗಳು. ಅವರಿಗೂ ಕೆಳಗೆ ಒಸ್ಸಾನ್‌ಗಳು, ಅಂದರೆ ಕ್ಷೌರಿಕರು.

ತಲೆ ಬೋಳಿಸುವುದರಿಂದ ಹಿಡಿದು ಗಂಡುಮಕ್ಕಳ ಸುನ್ನತ್‌ವರೆಗೆ ಒಸ್ಸಾನ್ ಇಲ್ಲದೆ ಹಿಂದೆ ಕೆಲಸ ಸಾಗುತ್ತಿರಲಿಲ್ಲ. ಆ ಮನೆಯ ಹೆಂಗಸರು ಸೂಲಗಿತ್ತಿಯರು. ಎಲ್ಲರ ಮನೆಯ ಹುಟ್ಟಿಗೂ ಅವರು ಬೇಕು, ಸಂಬಂಧಕ್ಕೆ ಮಾತ್ರ ಬೇಡ.

ಮಸೀದಿಯ ಸಾಲಿನಲ್ಲಿ ಈ ಮೆಟ್ಟಿಲು ಕಾಣೋದಿಲ್ಲ. ಭುಜಕ್ಕೆ ಭುಜ ತಾಗಿಸಿಯೇ ನಿಲ್ಲುತ್ತಾರೆ, ಅದು ಸುಳ್ಳಲ್ಲ. ಕಾಣೋದು ಮದುವೆಯಲ್ಲಿ. ಶಾಫಿ ಪಂಥದ ಶಾಸ್ತ್ರಗ್ರಂಥಗಳಲ್ಲಿ ‘ಕಫಾಅತ್’ ಎಂಬ ತತ್ವವಿದೆ: ವಧು-ವರರ ಮನೆತನಗಳು ಸರಿಸಮವಾಗಿರಬೇಕು ಅನ್ನೋದು. ಅದರ ಅಳತೆಗೋಲುಗಳಲ್ಲಿ ವಂಶವೂ ಸೇರಿದೆ, ಕಸುಬೂ ಸೇರಿದೆ. ಹಾಗಾಗಿ ಶ್ರೇಣಿ ಬರೀ ‘ಹಿಂದೂಗಳಿಂದ ಅಂಟಿದ ರೋಗ’ ಎಂದು ಕೈತೊಳೆದುಕೊಳ್ಳೋಕೆ ಆಗಲ್ಲ. ಗಲ್ಫ್ ದುಡ್ಡು ಬಂದ ಮೇಲೆ ಎಷ್ಟೋ ಮನೆಗಳ ಗೋಡೆ ಬದಲಾಯಿತು. ಆದರೆ ಸಂಬಂಧ ಕೂಡಿಸುವಾಗ ‘ಯಾವ ಮನೆಯವರು?’ ಎಂಬ ಪ್ರಶ್ನೆ ಉಳಿದುಕೊಂಡಿದೆ.

ಸರ್ಕಾರದ ಕಣ್ಣಿಗೆ

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಮೊದಲು ಕಲಿಸುವ ಪಾಠ: ಸರಾಸರಿಯನ್ನು ಮಾತ್ರ ನೋಡಿದರೆ ಸೇತುವೆ ಎಲ್ಲಿ ಮುರಿಯುತ್ತದೆ ಅಂತ ಗೊತ್ತಾಗಲ್ಲ. ನಮ್ಮ ಮೀಸಲಾತಿ ಮುಸ್ಲಿಮರನ್ನು ಬಹುಮಟ್ಟಿಗೆ ಸರಾಸರಿಯಲ್ಲೇ ನೋಡುತ್ತದೆ. ಪಿಂಜಾರ, ನದಾಫ್, ಛಪ್ಪರ್‌ಬಂದ್, ದರ್ವೇಶ್‌ನಂಥ ಗುಂಪುಗಳು ಪ್ರವರ್ಗ 1ರಲ್ಲಿವೆ. ಉಳಿದಂತೆ ‘ಮುಸ್ಲಿಂ’ ಎಂಬ ಒಂದೇ ಪದಕ್ಕೆ ಪ್ರವರ್ಗ 2ಬಿಯಲ್ಲಿ ಶೇ. 4. ಅಲ್ಲಿ ತಂಙಳರ ಮಗನೂ ಒಸ್ಸಾನ್‌ನ ಮಗಳೂ ಒಂದೇ ಸಾಲಿನಲ್ಲಿ. ಕೆನೆಪದರ ನಿಯಮ ಶ್ರೀಮಂತರನ್ನು ಹೊರಗಿಡಬಹುದು, ಆದರೆ ಅದು ಆದಾಯವನ್ನು ಅಳೆಯುತ್ತದೆ, ಅವಮಾನವನ್ನಲ್ಲ.

ಮುಸ್ಲಿಮರೊಳಗಿನ ಅಶ್ರಫ್, ಅಜ್ಲಫ್, ಅರ್ಝಲ್ ಎಂಬ ಪದರಗಳನ್ನು 2006ರಲ್ಲೇ ಸಾಚಾರ್ ಸಮಿತಿ ಗುರುತಿಸಿತ್ತು. ಆದರೂ 1950ರ ರಾಷ್ಟ್ರಪತಿ ಆದೇಶದ ಬಾಗಿಲು ದಲಿತ ಮೂಲದ ಮುಸ್ಲಿಮರಿಗೆ ಇಂದಿಗೂ ಮುಚ್ಚಿದೆ. ಅದು 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆದಿತ್ತು.

ಮಾತನಾಡಿದರೆ ಅಪಾಯವಲ್ವಾ?

ದ್ವೇಷ ರಾಜಕಾರಣದ ಈ ಊರಿನಲ್ಲಿ ಇದನ್ನೆಲ್ಲ ಬರೆದರೆ ‘ಅವರ ಕೈಗೆ ಕೋಲು ಕೊಟ್ಟಂತೆ’ ಅಂತ ಗೆಳೆಯರು ಎಚ್ಚರಿಸುತ್ತಾರೆ. ಆತಂಕ ನಿಜ. 2022ರ ಜುಲೈನಲ್ಲಿ ಹೈದರಾಬಾದಿನಲ್ಲಿ ಪ್ರಧಾನಿ ಮೋದಿ ಹಿಂದುಳಿದ ಪಸ್ಮಾಂದಾ ಮುಸ್ಲಿಮರನ್ನು ತಲುಪಿ ಅಂತ ತಮ್ಮ ಪಕ್ಷಕ್ಕೆ ಹೇಳಿದರು. 2023ರ ಮಾರ್ಚ್‌ನಲ್ಲಿ ಅದೇ ಪಕ್ಷದ ಬೊಮ್ಮಾಯಿ ಸರ್ಕಾರ 2ಬಿ ಮೀಸಲಾತಿಯನ್ನೇ ರದ್ದುಮಾಡಿ, ಆ ಶೇ. 4ನ್ನು ಒಕ್ಕಲಿಗ, ಲಿಂಗಾಯತರಿಗೆ ತಲಾ ಎರಡರಂತೆ ಹಂಚಿತು. ಮುಸ್ಲಿಮರಿಗೆ ತೋರಿಸಿದ್ದು ಶೇ. 10ರ ಇಡಬ್ಲ್ಯುಎಸ್ ಕೋಟಾ. ಅಂದರೆ ಒಸ್ಸಾನ್ ಹುಡುಗಿ ಸ್ಪರ್ಧಿಸಬೇಕಿದ್ದದ್ದು ಮೇಲ್ಜಾತಿಗಳ ಬಡವರ ಜೊತೆ. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ ಆದೇಶ ಜಾರಿಯಾಗದೆ ನಿಂತಿತು.

ಆದರೆ ಮೌನದಿಂದ ಲಾಭ ಯಾರಿಗೆ? ಸಮುದಾಯದ ಪರವಾಗಿ ಮಾತನಾಡುವ ಅಧಿಕಾರ ಈಗಾಗಲೇ ಯಾರ ಬಳಿ ಇದೆಯೋ ಅವರಿಗೆ. ಬ್ಯಾರಿ ಹೆಣ್ಣುಮಕ್ಕಳ ಬವಣೆಯನ್ನು ಸಾರಾ ಅಬೂಬಕ್ಕರ್ 1980ರ ದಶಕದಲ್ಲೇ ಬರೆದಾಗಲೂ ‘ಮನೆ ಮಾತು ಹೊರಗೆ ಹಾಕಬೇಡಿ’ ಎಂಬ ಆಕ್ಷೇಪ ಬಂದಿತ್ತು. ಬರೆದದ್ದರಿಂದ ಸಮುದಾಯ ಮುಳುಗಲಿಲ್ಲ.

ಈಗೇನು?

ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ತೀರ್ಮಾನಿಸಿತು. ಧರ್ಮದ ಪ್ರಶ್ನೆ ಬೇರೆ, ಜಾತಿಯ ಪ್ರಶ್ನೆ ಬೇರೆ. ‘ಒಸ್ಸಾನ್’ ಅಂತ ಬರೆಸಿದರೆ ಮುಸ್ಲಿಮರ ಸಂಖ್ಯೆ ಒಂದೂ ಕಡಿಮೆಯಾಗಲ್ಲ. ಬರೆಸದಿದ್ದರೆ ಒಸ್ಸಾನ್‌ಗಳ ಸಂಖ್ಯೆ ಸೊನ್ನೆಯಾಗಿಯೇ ಉಳಿಯುತ್ತದೆ. ಸೊನ್ನೆಗೆ ಯಾವ ಸರ್ಕಾರವೂ ಹಾಸ್ಟೆಲ್ ಕಟ್ಟಿಸಲ್ಲ, ಯಾವ ಜಮಾಅತ್ ಕಮಿಟಿಯೂ ಕುರ್ಚಿ ಕೊಡಲ್ಲ.