ರಫ್ತು, ಸುಂಕ, ಒಪ್ಪಂದ: ಮಂಗಳೂರಿನ ಲೆಕ್ಕ

ರಫ್ತಿನಿಂದ ದೇಶಕ್ಕೆ ಉಳಿಯುವುದೇನು?

ರಫ್ತು ತರುವ ಡಾಲರುಗಳಿಂದಲೇ ದೇಶ ಕಚ್ಚಾ ತೈಲವನ್ನೂ ಯಂತ್ರಗಳನ್ನೂ ಕೊಳ್ಳುತ್ತದೆ. ಹಾಗೆಂದು ರಫ್ತಿನ ಮೊತ್ತವೆಲ್ಲ ಗಳಿಕೆಯಲ್ಲ. ಮಂಗಳೂರಿನ ಗೇರುಬೀಜ ಕಾರ್ಖಾನೆಗಳಿಗೆ ನಮ್ಮ ಗುಡ್ಡಗಳ ಬೀಜ ಸಾಲುವುದಿಲ್ಲ. ಆಫ್ರಿಕದಿಂದ ಕಚ್ಚಾ ಬೀಜ ತರಿಸಿ, ಬೇಯಿಸಿ, ಒಡೆದು, ಸಿಪ್ಪೆ ತೆಗೆದು ಗೋಡಂಬಿ ಮಾರುತ್ತವೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರವಷ್ಟೇ ದೇಶದ ಪಾಲು. ಕಾರ್ಖಾನೆಯ ಹೆಂಗಸರ ಕೂಲಿಯೂ ಅದರೊಳಗೇ ಹುಟ್ಟಬೇಕು. ಕಚ್ಚಾ ತೈಲ ತರಿಸಿ ಪೆಟ್ರೋಲು, ಡೀಸೆಲು ಕಳುಹಿಸುವ ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನ ಲೆಕ್ಕವೂ ಹೀಗೆಯೇ.

ಕುದುರೆಮುಖ: ಒಬ್ಬನೇ ಗಿರಾಕಿಯ ಒಪ್ಪಂದ

ಒಪ್ಪಂದವೊಂದು ಊರಿನ ನಕ್ಷೆಯನ್ನೇ ಬದಲಿಸಿದ್ದಕ್ಕೆ ಕುದುರೆಮುಖಕ್ಕಿಂತ ಒಳ್ಳೆಯ ಉದಾಹರಣೆ ಕರಾವಳಿಯಲ್ಲಿ ಇಲ್ಲ. 1975ರಲ್ಲಿ ಇರಾನಿನ ಶಾ ಸರ್ಕಾರ ಕುದುರೆಮುಖದ ಕಬ್ಬಿಣದ ಅದಿರನ್ನು ದೀರ್ಘಾವಧಿಗೆ ಕೊಳ್ಳಲು ಒಪ್ಪಿ, ಗಣಿ ಯೋಜನೆಗೆ 63 ಕೋಟಿ ಡಾಲರ್ ಸಾಲ ಕೊಡುವುದಾಗಿ ಹೇಳಿತು. 1976ರಲ್ಲಿ ಗಣಿ ನಡೆಸುವ ಕಂಪನಿ ಹುಟ್ಟಿತು. ಘಟ್ಟದ ಮೇಲಿನ ಗಣಿಯಿಂದ ಮಂಗಳೂರಿನ ಬಂದರಿರುವ ಪಣಂಬೂರಿನವರೆಗೆ ಸುಮಾರು 67 ಕಿಲೋಮೀಟರ್ ಕೊಳವೆ ಹಾಕಿದರು. ನೀರಿನೊಂದಿಗೆ ಕಲಸಿದ ಅದಿರು ಅದರಲ್ಲಿ ಹರಿದು ಬಂದರಿಗೆ ಇಳಿಯುತ್ತಿತ್ತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಸಾಲದ ಕಂತು ನಿಂತಿತು, ಗಿರಾಕಿಯೂ ಕೈಬಿಟ್ಟ. ಕೆಲಸ ಮುಗಿಸುವ ಹೊರೆ ಭಾರತದ ಬೊಕ್ಕಸಕ್ಕೇ ಬಿತ್ತು. ಅದಿರಿಗೆ ಬೇರೆ ದೇಶಗಳಲ್ಲಿ ಮಾರುಕಟ್ಟೆ ಹುಡುಕಬೇಕಾಯಿತು. 1987ರಲ್ಲಿ ಪಣಂಬೂರಿನಲ್ಲಿ ಪೆಲೆಟ್ ಕಾರ್ಖಾನೆ ಶುರುವಾದ ಮೇಲೆ ಅದಿರನ್ನು ಉಂಡೆಯಾಗಿಸಿ ಮಾರುವುದು ಸಾಧ್ಯವಾಯಿತು. ಕಾಡಿನ ಉಳಿವಿಗಾಗಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು.

ಸುಂಕ ಇಳಿದರೆ ಯಾರಿಗೆ ಲಾಭ?

ಮುಕ್ತ ವ್ಯಾಪಾರ ಒಪ್ಪಂದವೆಂದರೆ ಪರಸ್ಪರ ಸುಂಕ ಇಳಿಸುವ ಕರಾರು. ನಮ್ಮ ಸರಕಿಗೆ ಅಲ್ಲಿ ಬಾಗಿಲು ತೆರೆದರೆ ಅವರದಕ್ಕೆ ಇಲ್ಲೂ ತೆರೆಯಬೇಕು. ಶ್ರೀಲಂಕಾದೊಂದಿಗಿನ ಒಪ್ಪಂದ 2000ದಲ್ಲಿ, ಆಗ್ನೇಯ ಏಷ್ಯಾದ ಆಸಿಯಾನ್ ದೇಶಗಳೊಂದಿಗಿನದು 2010ರಲ್ಲಿ ಜಾರಿಗೆ ಬಂತು. ವಿಯೆಟ್ನಾಂ ಕಾಳುಮೆಣಸು ಶ್ರೀಲಂಕಾದ ಹೆಸರಿನಲ್ಲಿ ಒಳಬರುತ್ತಿದೆ ಎಂದು ಬೆಳೆಗಾರರು ದೂರಿದರು. ಸರಕು ನಿಜವಾಗಿ ಎಲ್ಲಿ ಬೆಳೆದದ್ದು ಎಂಬುದನ್ನು ನಿರ್ಧರಿಸುವ ಮೂಲದೇಶ ನಿಯಮ ಸಡಿಲವಾದರೆ ಆಗುವುದೇ ಹೀಗೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಳುಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಕಟ್ಟಿತು.

ಇಲ್ಲಿಯೇ ಊರೊಳಗೆ ಎರಡು ದನಿ. ಗೇರುಬೀಜ ಕಾರ್ಖಾನೆಯವರಿಗೆ ಹೊರಗಿನ ಕಚ್ಚಾ ಬೀಜ ಅಗ್ಗವಾಗಿ ಬೇಕು, ಹೊರಗಿನ ಗೋಡಂಬಿ ಬರಕೂಡದು. ಗೇರು ಬೆಳೆಯುವ ರೈತನಿಗೆ ಆ ಕಚ್ಚಾ ಬೀಜವೇ ಪೈಪೋಟಿ. ಇಬ್ಬರೂ ಕೇಳುವುದು ‘ರಕ್ಷಣೆ’ಯನ್ನೇ!

ಅಡಿಕೆಯ ಬೇಲಿ

1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೊ ಅಗ್ಗದ ಆಮದಿನ ವಿರುದ್ಧ ಹಲವು ವರ್ಷಗಳಿಂದ ದನಿ ಎತ್ತುತ್ತಿದೆ. ಅಡಿಕೆಗೆ ಶೇಕಡ 100 ಆಮದು ಸುಂಕವಿದೆ. ಜೊತೆಗೆ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಆದರೆ ಬೇಲಿಯಲ್ಲಿ ಒಂದು ಕಂಡಿ ಬಿಟ್ಟೇ ಇದೆ: ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು 2022ರಲ್ಲಿ ಕೊಟ್ಟ ಅನುಮತಿಗೆ ಈ ಕನಿಷ್ಠ ಬೆಲೆ ಅನ್ವಯಿಸುವುದಿಲ್ಲ.